ಹಳೆಯ ಮದುವೆ ಸಿಡಿಗಳ ಗಂಟು ಬಿಚ್ಚುವ ಬಿಚಂಕ್

"ನಮ್ ಮದುವೆ ಸಿಡಿ ಐತೆ ಸಾರ್, ಪೆನ್‌ಡ್ರೈವಿಗೆ ಹಾಕ್ಕೊಡಿ" ಅಂತ ಬರುವವರು ತಿಪಟೂರಿನ ನಮ್ಮ ಸ್ಟುಡಿಯೋಗೆ ಈಗ ಪಾಸ್‌ಪೋರ್ಟ್ ಫೋಟೊದವರಷ್ಟೇ ಮಾಮೂಲು. ತಂದ ಸಿಡಿ ಓದಿಕೊಂಡರೆ ಸರಿ. ಗೀರು ಬಿದ್ದು, ಮೇಲಿನ ಪದರ ಎದ್ದು ಹೋಗಿದ್ದರೆ ನಮ್ಮ ಹಳೆಯ ಹಾರ್ಡ್‌ಡಿಸ್ಕುಗಳನ್ನೇ ತಡಕಬೇಕು. ವಿಸಿಡಿ ಕಾಲದಲ್ಲಿ ಎಡಿಟಿಂಗ್ ಮುಗಿಸಿ ಬರೆಯುವಾಗ ಡಿಸ್ಕಿನ ಇಮೇಜ್ ಒಂದನ್ನು, ಅಂದರೆ ಇಡೀ ಡಿಸ್ಕಿನ ನಕಲನ್ನು ಫೈಲಾಗಿ ಎತ್ತಿಡುವ ಅಭ್ಯಾಸ ನಮಗಿತ್ತು. ಬೀಗರ ಕಡೆಯವರು ಇನ್ನೆರಡು ಕಾಪಿ ಕೇಳಿದರೆ ಬರೆದುಕೊಡಬಹುದು ಅಂತ. ಆಗ ಕೈಗೆ ಸಿಕ್ಕ ಸಾಫ್ಟ್‌ವೇರ್ ಯಾವುದೋ ಅದರಲ್ಲೇ ಇಮೇಜ್. ನೀರೊ ಇದ್ದಾಗ ಎನ್‌ಆರ್‌ಜಿ, ಆಲ್ಕೊಹಾಲ್ 120 ಬಂದಾಗ ಎಂಡಿಎಫ್ ಮತ್ತು ಎಂಡಿಎಸ್, ಕ್ಲೋನ್‌ಸಿಡಿ ಇದ್ದಾಗ ಸಿಸಿಡಿ, ಐಎಂಜಿ, ಸಬ್ ಎಂಬ ಮೂರು ಫೈಲು, ಉಳಿದಿದ್ದೆಲ್ಲ ಬಿನ್ ಮತ್ತು ಕ್ಯೂ (ಬಿನ್‌ನಲ್ಲಿ ಡಿಸ್ಕಿನ ಡೇಟಾ, ಕ್ಯೂನಲ್ಲಿ ಯಾವ ಟ್ರ್ಯಾಕ್ ಎಲ್ಲಿ ಶುರು ಎಂಬ ಪಟ್ಟಿ). ಇವತ್ತಿನ ವಿಂಡೋಸ್‌ನಲ್ಲಿ ಡಬಲ್ ಕ್ಲಿಕ್ ಮಾಡಿದರೆ ತೆರೆಯುವುದು ಐಎಸ್‌ಒ ಮಾತ್ರ. ಹಾಗಾಗಿ ಎಲ್ಲರಿಗೂ ಮೊದಲು ಹೊಳೆಯುವುದು "ಎಲ್ಲವನ್ನೂ ಐಎಸ್‌ಒ ಮಾಡಿಬಿಡೋಣ" ಅಂತ.

ಮದುವೆ ವಿಸಿಡಿಗೆ ಆ ಕೆಲಸ ಮಾಡಬೇಡಿ. ಯಾಕೆ ಅನ್ನುವುದಕ್ಕೆ ಸ್ವಲ್ಪ ಲೆಕ್ಕ ಹೇಳಬೇಕಾಗುತ್ತದೆ. ಅದಕ್ಕೆ ಮುಂಚೆ ನಾನು ಬಳಸುತ್ತಿರುವ ಟೂಲ್ ಯಾವುದು ಅಂತ ಹೇಳುತ್ತೇನೆ: ಬಿಚಂಕ್. ಫಿನ್ಲೆಂಡಿನ ಹೈಕ್ಕಿ ಹನ್ನಿಕಾಯ್ನೆನ್ ಬರೆದದ್ದು, ಹ್ಯಾಮ್ ರೇಡಿಯೊದವರಿಗೆ ಪರಿಚಿತ ಹೆಸರು. ಪೂರ್ತಿ ಉಚಿತ, ಯಾರು ಬೇಕಾದರೂ ಬಳಸಿ ಹಂಚಬಹುದಾದ ಜಿಪಿಎಲ್ ಲೈಸೆನ್ಸು. ಕಿಟಕಿ ಇಲ್ಲ, ಬಟನ್ ಇಲ್ಲ, ಕಪ್ಪು ಪರದೆಯಲ್ಲಿ ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದರೆ ಮುಗಿಯಿತು. ನಮ್ಮ ಆಲ್ಬಂ ಡಿಸೈನ್ ಎಲ್ಲ ವಿಂಡೋಸ್‌ನಲ್ಲೇ ಆಗುವುದರಿಂದ ಅದರೊಳಗೇ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್ಎಲ್ ಎಂಬ ಸೌಲಭ್ಯದ ಮೂಲಕ ಉಬುಂಟು ಲಿನಕ್ಸ್ ಹಾಕಿಕೊಂಡಿದ್ದೇನೆ. ಬೇರೆ ಕಂಪ್ಯೂಟರ್ ಬೇಕಿಲ್ಲ, ಡಿ ಡ್ರೈವಿನ ಫೈಲುಗಳು ಅಲ್ಲಿಂದಲೇ ಕಾಣುತ್ತವೆ.

ಈಗ ಲೆಕ್ಕ. ಸಿಡಿಯ ಒಂದು ಸೆಕ್ಟರ್ ಅಂದರೆ 2352 ಬೈಟು. ಸೆಕೆಂಡಿಗೆ ಇಂಥ 75 ಓಡುತ್ತವೆ. ಆಡಿಯೊ ಸಿಡಿಯಲ್ಲಿ ಅಷ್ಟೂ ಹಾಡಿಗೇ. ಸಾಮಾನ್ಯ ಡೇಟಾ ಸಿಡಿಯಲ್ಲಿ ಹಾಗಲ್ಲ. ಗುರುತಿಗೆ 12, ವಿಳಾಸಕ್ಕೆ 4, ನಿಜವಾದ ಡೇಟಾಗೆ 2048, ತಪ್ಪು ಕಂಡುಹಿಡಿಯುವ ಕೋಡಿಗೆ 4, ಖಾಲಿ 8, ತಪ್ಪು ತಿದ್ದುವ ಕೋಡಿಗೆ 276. ಕೂಡಿಸಿ ನೋಡಿ, 2352 ಬರುತ್ತದೆ. ಐಎಸ್‌ಒ ಫೈಲ್ ಅಂದರೆ ಇದರಲ್ಲಿ ಮಧ್ಯದ 2048 ಮಾತ್ರ ಸಾಲಾಗಿ ಜೋಡಿಸಿದ್ದು. ಡೇಟಾ ಸಿಡಿಗೆ ಅದರಿಂದ ಏನೂ ನಷ್ಟವಿಲ್ಲ, ಕಳಚಿ ಹಾಕಿದ್ದೆಲ್ಲ ಕಾವಲು ಕೋಡು ಅಷ್ಟೆ.

ವಿಸಿಡಿಯ ಕಥೆ ಬೇರೆ. ಸಿನಿಮಾದಲ್ಲಿ ಒಂದು ಚುಕ್ಕಿ ತಪ್ಪಿದರೆ ಯಾರೂ ಗಮನಿಸುವುದಿಲ್ಲ ಎಂದು ಲೆಕ್ಕ ಹಾಕಿ, ತಪ್ಪು ತಿದ್ದುವ ಆ 276 ಬೈಟನ್ನೂ ಚಿತ್ರಕ್ಕೇ ಕೊಟ್ಟುಬಿಟ್ಟಿದ್ದಾರೆ. ಅದಕ್ಕೇ ವಿಡಿಯೊ ಸೆಕ್ಟರಿನಲ್ಲಿ ಉಪಯೋಗದ ಭಾಗ 2324. ಎಂಬತ್ತು ನಿಮಿಷದ, 700 ಎಂಬಿ ಎಂದು ಬರೆದ ಡಿಸ್ಕಿನಲ್ಲಿ 800 ಎಂಬಿ ಹತ್ತಿರದ ವಿಡಿಯೊ ಹಿಡಿಯುತ್ತಿದ್ದದ್ದು ಇದರಿಂದಲೇ. ಚಪ್ಪರ ಮತ್ತು ವರಪೂಜೆ ಒಂದರಲ್ಲಿ, ಆರತಕ್ಷತೆ ಇನ್ನೊಂದರಲ್ಲಿ, ಧಾರೆಯಿಂದ ಹೆಣ್ಣು ಒಪ್ಪಿಸುವವರೆಗೆ ಮೂರನೆಯದರಲ್ಲಿ ಎಂದು ನಾವು ಕೂರಿಸುತ್ತಿದ್ದಾಗ ಆ ಹೆಚ್ಚಿನ ಜಾಗ ನಮಗೆ ಬಹಳ ಬೇಕಾಗಿತ್ತು. ಈಗ ಇದನ್ನು ಐಎಸ್‌ಒ ಮಾಡಿದರೆ ಒಂದೊಂದು ಸೆಕ್ಟರಿನಿಂದ 276 ಬೈಟು ಕತ್ತರಿಸಿ ಹೋಗುತ್ತದೆ, ಅಂದರೆ ಚಿತ್ರದ ಶೇಕಡಾ 12ರಷ್ಟು. ಕೊನೆಯಲ್ಲಲ್ಲ, ಪ್ರತಿ ಸೆಕೆಂಡಿನಲ್ಲೂ 75 ಕಡೆ. ಮಾಂಗಲ್ಯ ಕಟ್ಟುವ ಹೊತ್ತಿಗೆ ಪರದೆಯ ತುಂಬ ಬಣ್ಣಬಣ್ಣದ ಚೌಕಗಳು.

ಇದಕ್ಕಿಂತ ಹೆಚ್ಚು ದಾರಿ ತಪ್ಪಿಸುವ ಸಂಗತಿ ಇನ್ನೊಂದಿದೆ. ವಿಸಿಡಿಯ ಮೊದಲ ಟ್ರ್ಯಾಕಿನಲ್ಲಿ ಫೋಲ್ಡರುಗಳ ಪಟ್ಟಿ ಇರುತ್ತದೆ, ವಿಡಿಯೊ ಇರುವುದು ಎರಡನೇ ಟ್ರ್ಯಾಕಿನಿಂದ ಮುಂದೆ. ಮೊದಲ ಟ್ರ್ಯಾಕನ್ನು ಮಾತ್ರ ಐಎಸ್‌ಒ ಮಾಡಿ ತೆರೆದರೆ ಎಂಪೆಗ್‌ಎವಿ ಫೋಲ್ಡರು ಕಾಣುತ್ತದೆ, ಒಳಗೆ ಎವಿಸೀಕ್01 ಡ್ಯಾಟ್ ಎಂಬ ವಿಡಿಯೊ ಫೈಲೂ ಕಾಣುತ್ತದೆ, ಅದರ ಮುಂದೆ ನೂರಾರು ಎಂಬಿ ಎಂಬ ಗಾತ್ರವೂ ಬರುತ್ತದೆ. ಕಾಪಿ ಮಾಡಲು ಹೋದರೆ ಎರರ್. ಐಎಸ್‌ಒ ಫೈಲೇ ಒಂದೆರಡು ಎಂಬಿ ಇರುವಾಗ ಒಳಗೆ ಅಷ್ಟು ದೊಡ್ಡ ಫೈಲ್ ಎಲ್ಲಿಂದ ಬರಬೇಕು? ಹಾಲ್ಕುರಿಕೆ ಕಡೆಯ ಒಬ್ಬ ಅಜ್ಜಿ ಬೇರೆ ಎಲ್ಲೋ ಮಾಡಿಸಿದ ಇಂಥದ್ದೇ ಪೆನ್‌ಡ್ರೈವ್ ತಂದು "ಏನಪ್ಪಾ, ಹೆಸ್ರು ಕಾಣ್ತದೆ, ತೆಗುದ್ರೆ ಬರಲ್ವಲ್ಲ" ಎಂದು ಕೌಂಟರ್ ಮೇಲೆ ಇಟ್ಟಿದ್ದರು. ಮೂಲ ಡಿಸ್ಕು ಅವರ ಕೈಚೀಲದಲ್ಲೇ ಇತ್ತು, ಪುಣ್ಯ.

ಬಿಚಂಕ್ ಮಾಡುವ ಕೆಲಸ ಬಹಳ ಸಣ್ಣದು, ಅದನ್ನು ಚೊಕ್ಕವಾಗಿ ಮಾಡುತ್ತದೆ. ಬಿನ್ ಫೈಲ್, ಕ್ಯೂ ಫೈಲ್, ಹೊಸ ಫೈಲಿಗೆ ಇಡಬೇಕಾದ ಹೆಸರು, ಈ ಮೂರನ್ನು ಕೊಟ್ಟರೆ ಕ್ಯೂನಲ್ಲಿ ಬರೆದಿರುವ ಜಾಗಗಳಲ್ಲಿ ಬಿನ್ ಅನ್ನು ಕತ್ತರಿಸಿ, ಟ್ರ್ಯಾಕಿಗೊಂದರಂತೆ 01, 02 ಎಂದು ಅಂಕಿ ಹಾಕಿ ಇಡುತ್ತದೆ. ಓಡುವಾಗ ಎಷ್ಟು ಎಂಬಿ ಆಯಿತು, ಶೇಕಡಾ ಎಷ್ಟು ಎಂದು ನಕ್ಷತ್ರಗಳ ಪಟ್ಟಿಯೊಂದು ಬೆಳೆಯುತ್ತದೆ. ಒಳಗೆ ಏನಿದೆ ಎಂದು ಅದು ವಿಚಾರಿಸುವುದಿಲ್ಲ. ಕ್ಯೂ ಹೇಳಿದ್ದನ್ನು ನಂಬುತ್ತದೆ. ಅದರ ಬಲವೂ ಅದೇ, ತೊಂದರೆಯೂ ಅದೇ.

ಏನೂ ಆಪ್ಷನ್ ಕೊಡದೆ ವಿಸಿಡಿಯ ಬಿನ್ ಮೇಲೆ ಓಡಿಸಿದರೆ ಮೇಲೆ ಹೇಳಿದ ಕತ್ತರಿ ಪ್ರಯೋಗವೇ ಆಗುತ್ತದೆ. 2352ರಲ್ಲಿ ಮೊದಲ 24 ಬಿಟ್ಟು ಮುಂದಿನ 2048 ಮಾತ್ರ ತೆಗೆದುಕೊಳ್ಳುತ್ತದೆ, ಎಚ್ಚರಿಕೆಯ ಮಾತು ಒಂದೂ ಇಲ್ಲ. ಇದು ನನಗೆ ಹಿಡಿಸದ ವಿಷಯ. ವಿಸಿಡಿಗೆ ಮೈನಸ್ ಆರ್ (-r) ಎಂಬ ಆಪ್ಷನ್ ಹಾಕಲೇಬೇಕು, ಆಗ 2352 ಬೈಟನ್ನೂ ಮುಟ್ಟದೆ ಹಾಗೇ ಬರೆಯುತ್ತದೆ. ಎರಡನೇ ಟ್ರ್ಯಾಕಿನ ಫೈಲ್ ಹೆಸರಿನ ಕೊನೆಗೂ ಐಎಸ್‌ಒ ಎಂದೇ ಬಾಲ ಅಂಟಿಸುತ್ತದೆ, ಅದು ಐಎಸ್‌ಒ ಅಲ್ಲವೇ ಅಲ್ಲ, ಎಂಪೆಗ್ ವಿಡಿಯೊ. ಹೆಸರು ಬದಲಿಸಿಕೊಳ್ಳುವ ಕೆಲಸ ನಿಮ್ಮದು. ಟ್ರ್ಯಾಕ್ ಯಾವ ಬಗೆಯದೆಂದು ತಿಳಿಯದೆ ಹೋದರೆ ಮಾತ್ರ ಫೈಲಿಗೆ ‘ಅಗ್’ (ugh, ಇಂಗ್ಲಿಷಿನ ‘ಛೆ’) ಎಂದು ಬಾಲ ಹಾಕುತ್ತದೆ. ಪ್ರೋಗ್ರಾಂ ಬರೆದವರಿಗೆ ಬೇಸರ ಬಂದದ್ದು ಹಾಗೇ ಕೋಡಿನಲ್ಲಿ ಉಳಿದುಕೊಂಡಂತಿದೆ. ಮೈನಸ್ ಪಿ ಅಂತ ಇನ್ನೊಂದಿದೆ, ಪ್ಲೇಸ್ಟೇಷನ್ ಡಿಸ್ಕಿನವರಿಗೆ, 2336 ಬೈಟು ಉಳಿಸುತ್ತದೆ. ನಮ್ಮ ಧಂದೆಗೆ ಬೇಡ.

ಆಡಿಯೊದಲ್ಲಿ ಇದು ನನಗೆ ತುಂಬ ಇಷ್ಟ. ಸೋಬಾನೆ ಪದ ಹೇಳುವ ನಮ್ಮೂರ ಕಡೆಯ ಹೆಣ್ಣುಮಕ್ಕಳ ಹಾಡುಗಳನ್ನು ಹಿಂದೆ ರೆಕಾರ್ಡ್ ಮಾಡಿ ಆಡಿಯೊ ಸಿಡಿ ಬರೆದಿದ್ದೆ, ಉಳಿದಿದ್ದು ಬಿನ್ ಮತ್ತು ಕ್ಯೂ ಮಾತ್ರ. ಮೈನಸ್ ಡಬ್ಲ್ಯೂ ಹಾಕಿದರೆ ಒಂದೊಂದು ಪದವೂ ಒಂದೊಂದು ವೇವ್ ಫೈಲಾಗಿ ಬಂದು ಕೂರುತ್ತದೆ. ಹಾಕದಿದ್ದರೆ ಸಿಡಿಆರ್ ಎಂಬ ಬಾಲದ ಬರೀ ಸ್ಯಾಂಪಲ್ಲುಗಳು, ಯಾವ ಪ್ಲೇಯರೂ ಗುರುತಿಸುವುದಿಲ್ಲ. ಒಮ್ಮೊಮ್ಮೆ ವೇವ್ ತೆರೆದರೆ ಹಾಡಿನ ಬದಲು ಬುಸ್ಸೆಂಬ ಗದ್ದಲ ಮಾತ್ರ ಕೇಳುತ್ತದೆ. ಫೈಲ್ ಹೋಯಿತು ಎಂದು ಅಳಿಸಬೇಡಿ, ಬೈಟುಗಳ ಜೋಡಿ ಹಿಂದುಮುಂದಾಗಿದೆ ಅಷ್ಟೆ. ಲಿನಕ್ಸಿನ ಸಿಡಿಆರ್‌ಡಿಎಒ ಎಂಬ ಟೂಲಿನಿಂದ ಓದಿಸಿದ ಬಿನ್‌ಗಳಲ್ಲಿ ಹೀಗಾಗುತ್ತದೆ. ಮೈನಸ್ ಎಸ್ ಸೇರಿಸಿ ಮತ್ತೆ ಓಡಿಸಿ, ಹಾಡು ಬರುತ್ತದೆ.

ಕ್ಯೂ ಫೈಲಿನ ಬಗ್ಗೆ ಒಂದು ಮಾತು. ಅದು ಬರೀ ನೋಟ್‌ಪ್ಯಾಡ್ ಫೈಲು, ಹೆದರಬೇಕಾಗಿಲ್ಲ. ಮೊದಲ ಸಾಲಿನಲ್ಲಿ ಬಿನ್ ಹೆಸರು, ಆಮೇಲೆ ಟ್ರ್ಯಾಕಿನ ನಂಬರು ಮತ್ತು ಬಗೆ, ಅದರ ಕೆಳಗೆ ಶುರುವಾಗುವ ಸಮಯ. ಸಮಯ ನಿಮಿಷ, ಸೆಕೆಂಡು, ಫ್ರೇಮು ಎಂದು ಮೂರು ಜೋಡಿ ಅಂಕಿ. ನಮ್ಮ ವಿಡಿಯೊದವರಿಗೆ ಫ್ರೇಮ್ ಅಂದರೆ ಸೆಕೆಂಡಿಗೆ 25 ಎಂದು ಕೈ ಕೂತಿರುತ್ತದೆ, ಇಲ್ಲಿ 75, ಹಾಗಾಗಿ ಕೊನೆಯ ಜೋಡಿ 74ರವರೆಗೆ ಹೋಗುತ್ತದೆ. ಬಿಚಂಕ್‌ನಲ್ಲಿ ಒಂದು ಅನುಕೂಲ ಎಂದರೆ ಕ್ಯೂ ಒಳಗೆ ಬರೆದ ಬಿನ್ ಹೆಸರನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ನೀವು ಟೈಪ್ ಮಾಡಿದ ಬಿನ್ ಅನ್ನೇ ತೆರೆಯುತ್ತದೆ. ವರ್ಷಗಳಲ್ಲಿ ಫೈಲಿನ ಹೆಸರನ್ನು ‘ರಾಜಣ್ಣ ಮಗಳು ಫೈನಲ್’, ‘ಫೈನಲ್ ಹೊಸದು’ ಎಂದೆಲ್ಲ ಬದಲಿಸಿಟ್ಟ ನನ್ನಂಥವರಿಗೆ ಇದು ದೊಡ್ಡ ಉಪಕಾರ. ಕ್ಯೂ ಕಳೆದೇ ಹೋಗಿದ್ದರೂ ಮೂರು ಸಾಲು ಕೈಯಲ್ಲಿ ಬರೆದುಕೊಟ್ಟರೆ ಇಡೀ ಬಿನ್ ಅನ್ನು ಒಂದೇ ಟ್ರ್ಯಾಕ್ ಎಂದುಕೊಂಡು ಕೆಲಸ ಮಾಡುತ್ತದೆ. ಆದರೆ ಟ್ರ್ಯಾಕಿಗೊಂದು ಬಿನ್ ಇಟ್ಟು ಎಲ್ಲಕ್ಕೂ ಸೇರಿ ಒಂದೇ ಕ್ಯೂ ಬರೆದಿರುವ ಇಮೇಜ್‌ಗಳು ಇದಕ್ಕೆ ಆಗಿಬರುವುದಿಲ್ಲ.

ಬಿನ್ ಯಾವ ಬಗೆಯದು ಎಂಬ ಅನುಮಾನ ಬಂದರೆ ಕ್ಯಾಲ್ಕ್ಯುಲೇಟರ್ ತೆಗೆಯಿರಿ. ಫೈಲಿನ ಗಾತ್ರ ಬೈಟಿನಲ್ಲಿ ಎಷ್ಟಿದೆಯೋ ಅದನ್ನು 2352ರಿಂದ ಭಾಗಿಸಿ. ಶೇಷವಿಲ್ಲದೆ ಹೋದರೆ ಪೂರ್ತಿ ಸೆಕ್ಟರುಗಳ ಇಮೇಜ್ ಇರಬೇಕು. 2048ರಿಂದ ಹೋದರೆ ಬಾಲ ಬಿನ್ ಇದ್ದರೂ ಒಳಗೆ ಐಎಸ್‌ಒ ಇರುವ ಸಾಧ್ಯತೆ ಹೆಚ್ಚು, ಹೆಸರು ಬದಲಿಸಿದರೆ ಸಾಕಾಗಬಹುದು. 2448ರಿಂದ ಹೋದರೆ ಪ್ರತಿ ಸೆಕ್ಟರಿನ ಹಿಂದೆ 96 ಬೈಟಿನ ಸಬ್‌ಚಾನೆಲ್ (ಡಿಸ್ಕಿನ ಹೆಚ್ಚುವರಿ ಗುರುತಿನ ಮಾಹಿತಿ) ಸೇರಿದೆ, ಆಲ್ಕೊಹಾಲ್‌ನ ಎಂಡಿಎಫ್‌ಗಳಲ್ಲಿ ಇದು ಕಾಣುತ್ತದೆ.

ಇನ್ನು ನೀರೊ ಫೈಲುಗಳು. ನಮ್ಮ ಹಾರ್ಡ್‌ಡಿಸ್ಕಿನಲ್ಲಿ ಇವೇ ಜಾಸ್ತಿ, ಇವನ್ನು ಬಿಚಂಕ್ ಮುಟ್ಟುವುದಿಲ್ಲ. ಎನ್‌ಆರ್‌ಜಿ2ಐಎಸ್‌ಒ ಎಂಬ ಇನ್ನೊಂದು ಪುಟಾಣಿ ಟೂಲ್ ಇದೆ. ಹೆಸರು ದೊಡ್ಡದು, ಮಾಡುವುದು ಇಷ್ಟೇ: ಫೈಲಿನ ಮೊದಲ 307200 ಬೈಟು ಬಿಟ್ಟು ಉಳಿದದ್ದನ್ನು ಕಾಪಿ ಮಾಡುತ್ತದೆ. 150 ಸೆಕ್ಟರು, ಒಂದೊಂದು 2048. ಡಿಸ್ಕಿನ ಶುರುವಿನ ಎರಡು ಸೆಕೆಂಡಿನ ಖಾಲಿ ಜಾಗ. ಲಿನಕ್ಸಿನಲ್ಲಿ ಬೈಟುಗಳನ್ನು ಕಾಪಿ ಮಾಡುವ ಡಿಡಿ ಆಜ್ಞೆ ಗೊತ್ತಿರುವವರು ಈ ಟೂಲೇ ಇಲ್ಲದೆ ಅದೇ ಕೆಲಸ ಮಾಡಿಕೊಳ್ಳಬಹುದು. ಹಳೆಯ ಆಲ್ಬಂ ಬ್ಯಾಕ್‌ಗ್ರೌಂಡುಗಳು, ಫಾಂಟುಗಳು, ಫೋಟೊಗಳನ್ನು ಇಟ್ಟ ಡೇಟಾ ಡಿಸ್ಕಾದರೆ ಕಣ್ಣು ಮುಚ್ಚಿ ಬಳಸಿ. ವಿಸಿಡಿಯ ಎನ್‌ಆರ್‌ಜಿಗೆ ಬೇಡ, ಅದರಲ್ಲಿ ಸೆಕ್ಟರು 2048 ಬೈಟಿನದಲ್ಲವಾದ್ದರಿಂದ ಮೊದಲ ಹೆಜ್ಜೆಯಲ್ಲೇ ಲೆಕ್ಕ ತಪ್ಪುತ್ತದೆ.

ವಿಸಿಡಿಯ ಎನ್‌ಆರ್‌ಜಿಗೆ ಸರಿಯಾದ ಮನುಷ್ಯ ವಿಸಿಡಿಎಕ್ಸ್‌ರಿಪ್. ಗ್ನೂ ವಿಸಿಡಿಇಮೇಜರ್ ಜೊತೆ ಬರುತ್ತದೆ. ನೀರೊ ಫೈಲನ್ನೂ ನೇರವಾಗಿ ಓದುತ್ತದೆ, ಬಿನ್ ಮತ್ತು ಕ್ಯೂ ಅನ್ನೂ ಓದುತ್ತದೆ, ಡ್ರೈವಿನಲ್ಲಿ ಹಾಕಿದ ಡಿಸ್ಕನ್ನೂ ಓದುತ್ತದೆ. ಐಎಸ್‌ಒ ಎಂಬ ಮಧ್ಯದ ನಿಲ್ದಾಣವೇ ಇಲ್ಲ. ಸೆಕ್ಟರಿನ ತಲೆ ಬಾಲ ಕಳಚಿ, 2324 ಬೈಟನ್ನೂ ಉಳಿಸಿ, ಶುದ್ಧ ಎಂಪೆಗ್ ಫೈಲು ಕೈಗೆ ಕೊಡುತ್ತದೆ. ಜೊತೆಗೆ ಡಿಸ್ಕಿನ ರಚನೆ ಬರೆದ ಒಂದು ಎಕ್ಸ್‌ಎಂಎಲ್ ಫೈಲು. ಚಿತ್ರ ಅದೇ 352 ಅಡ್ಡ, 288 ಉದ್ದ, ಇವತ್ತಿನ ಟಿವಿಯಲ್ಲಿ ಮಸುಕಾಗಿಯೇ ಕಾಣುತ್ತದೆ. ಅದನ್ನು ಯಾವ ಟೂಲೂ ತಿದ್ದಲಾರದು, ಗಿರಾಕಿಗೆ ಮೊದಲೇ ಹೇಳಿಬಿಡಿ. "ಎಚ್‌ಡಿ ಮಾಡ್ಕೊಡಿ" ಎಂದು ಕೇಳುವವರಿಗೆ ನಾನು ಎದುರಿಗೇ ಒಂದು ನಿಮಿಷ ಆಡಿಸಿ ತೋರಿಸುತ್ತೇನೆ.

ಹಾಗಾದರೆ ಎಲ್ಲಕ್ಕೂ ವಿಸಿಡಿಎಕ್ಸ್‌ರಿಪ್ ಸಾಕಲ್ಲ, ಬಿಚಂಕ್ ಯಾಕೆ ಎಂದು ಕೇಳಬಹುದು. ವಿಸಿಡಿಎಕ್ಸ್‌ರಿಪ್ ಶಿಸ್ತಿನ ಆಸಾಮಿ. ಡಿಸ್ಕಿನ 150ನೇ ಸೆಕ್ಟರಿನಲ್ಲಿ ಇನ್ಫೊ ಫೈಲು, 151ರಲ್ಲಿ ಎಂಟ್ರೀಸ್ ಫೈಲು ಇರಬೇಕು ಎಂಬುದು ವಿಸಿಡಿಯ ನಿಯಮ, ಅದನ್ನು ನೋಡಿಯೇ ಅದು ಮುಂದೆ ಹೋಗುವುದು. ಅರ್ಧಕ್ಕೆ ನಿಂತ ಇಮೇಜ್, ಗೀರು ಬಿದ್ದ ಡಿಸ್ಕಿನಿಂದ ಹೇಗೋ ಎಳೆದು ತೆಗೆದ ಬಿನ್, ಇವುಗಳಲ್ಲಿ ಆ ಜಾಗವೇ ಹಾಳಾಗಿದ್ದರೆ ಅದಕ್ಕೆ ಇದು ವಿಸಿಡಿಯೇ ಅಲ್ಲ. ಅಂಥ ಹೊತ್ತಿಗೆ ಒಳಗೆ ಏನಿದೆ ಎಂದು ಕೇಳದ ಬಿಚಂಕ್ ಬೇಕು. ಮೈನಸ್ ಆರ್ ಹಾಕಿ, ಕೈಯಲ್ಲಿ ಬರೆದ ಕ್ಯೂ ಕೊಟ್ಟು, ಬಂದ ಫೈಲನ್ನು ಪ್ಲೇಯರಿಗೆ ಹಾಕಿದರೆ ಮಧ್ಯೆ ಮಧ್ಯೆ ತಡವರಿಸುತ್ತಲಾದರೂ ವಿಡಿಯೊ ಓಡುವ ಸಾಧ್ಯತೆ ಇದೆ. ಹರಿದ ರವಿಕೆಯನ್ನೂ ಅಳತೆಗೆ ತೆಗೆದುಕೊಳ್ಳುವ ಟೈಲರ್ ಇದ್ದ ಹಾಗೆ. ಹಾಳಾದ ಇಮೇಜ್‌ಗಳೇ ಹೆಚ್ಚು ಬರುವ ನಮ್ಮ ಅಂಗಡಿಯಲ್ಲಿ ಈ ಗುಣಕ್ಕೆ ಬೆಲೆ ಜಾಸ್ತಿ.

ಐಎಟಿ ಎಂಬ ಟೂಲೂ ಇದೆ. ಬಾಲ ಏನೇ ಇರಲಿ, ಫೈಲಿನೊಳಗೆ ಡೇಟಾ ಸಿಡಿಯ ಫೈಲು ಜೋಡಣೆಯ ನಿಯಮವಾದ ಐಎಸ್‌ಒ 9660ರ ಸಹಿಯನ್ನು, ಅಂದರೆ ‘ಸಿಡಿ001’ ಎಂಬ ಅಕ್ಷರಗಳನ್ನು ಹುಡುಕಿ, ಸೆಕ್ಟರಿನ ಅಳತೆಯನ್ನು ತಾನೇ ಊಹಿಸಿ ಐಎಸ್‌ಒ ಮಾಡಿಕೊಡುತ್ತದೆ. ಡೇಟಾ ಡಿಸ್ಕಿಗೆ ಒಳ್ಳೆಯದು, ಯಾವ ಸಾಫ್ಟ್‌ವೇರಿನಲ್ಲಿ ಮಾಡಿದ್ದೆಂದು ನೆನಪಿಲ್ಲದ ಫೈಲುಗಳಿಗೆ ಇನ್ನೂ ಒಳ್ಳೆಯದು. ಎಂಡಿಎಫ್2ಐಎಸ್‌ಒ, ಸಿಸಿಡಿ2ಐಎಸ್‌ಒ ತಮ್ಮ ಹೆಸರು ಹೇಳುವಷ್ಟನ್ನು ಮಾಡುತ್ತವೆ, ಅವುಗಳ ಬಗ್ಗೆ ಹೆಚ್ಚು ಹೇಳಲು ಏನಿಲ್ಲ. ಕ್ಯೂಎಂಯು-ಇಮ್ಜ್ ಅನ್ನು ಇದಕ್ಕೆ ಬಳಸಬಹುದಾ ಎಂದು ನಮ್ಮ ಹುಡುಗ ಕೇಳಿದ್ದ. ಅದು ವರ್ಚುವಲ್ ಯಂತ್ರಗಳ ಹಾರ್ಡ್‌ಡಿಸ್ಕ್ ಇಮೇಜುಗಳಿಗೆ, ಸಿಡಿಯ ಟ್ರ್ಯಾಕು ಅದಕ್ಕೆ ತಿಳಿಯುವುದಿಲ್ಲ. ಮ್ಯಾಕ್ ಇರುವವರಿಗೆ ಎಚ್‌ಡಿಐ ಯುಟಿಲ್ ಅದರಲ್ಲೇ ಬರುತ್ತದೆ. ಮ್ಯಾಕಿನ ಡಿಸ್ಕ್ ಇಮೇಜ್ ಆದ ಡಿಎಂಜಿಯನ್ನು ಐಎಸ್‌ಒ ಮಾಡಲು ಸರಿ, ಕೊನೆಗೆ ಸಿಡಿಆರ್ ಎಂದು ಬಾಲ ಹಾಕಿಕೊಡುತ್ತದೆ, ನೀವೇ ಬದಲಿಸಿಕೊಳ್ಳಬೇಕು.

ಜಾಗ ಉಳಿಸಬೇಕು ಎನ್ನುವವರು ಸಿಎಚ್‌ಡಿಮ್ಯಾನ್ ನೋಡಬಹುದು. ಹಳೆಯ ವಿಡಿಯೊ ಗೇಮ್ ಉಳಿಸುವ ಮೇಮ್ ಯೋಜನೆಯವರದ್ದು. ಕ್ಯೂ ಕೊಟ್ಟರೆ ಇಡೀ ಡಿಸ್ಕನ್ನು ಒಂದೇ ಫೈಲಾಗಿ ಒತ್ತಿ ಇಡುತ್ತದೆ, ಬೇಕೆಂದಾಗ ಅದರಿಂದ ಬಿನ್ ಮತ್ತು ಕ್ಯೂ ಮರಳಿ ತೆಗೆಯಬಹುದು, ಒಳಗಿನ ಡೇಟಾ ಕೆಟ್ಟಿಲ್ಲವೆಂದು ಪರೀಕ್ಷಿಸುವ ಆಜ್ಞೆಯೂ ಇದೆ. ಆಡಿಯೊ ಟ್ರ್ಯಾಕಿಗೆ ಧ್ವನಿ ಕೆಡದಂತೆ ಒತ್ತುವ ಫ್ಲ್ಯಾಕ್ ಬಳಸುತ್ತದೆ, ಡೇಟಾ ಸೆಕ್ಟರಿನ ತಿದ್ದುವ ಕೋಡನ್ನು ಮತ್ತೆ ಲೆಕ್ಕ ಹಾಕಿ ತರಬಹುದಾದ್ದರಿಂದ ಅದನ್ನು ಬಿಟ್ಟುಬಿಡುತ್ತದೆ. ಸೋಬಾನೆ ಸಿಡಿಗಳಿಗೆ ಒಳ್ಳೆಯ ಲಾಭ. ಮದುವೆ ವಿಸಿಡಿಗೆ ಬಹುತೇಕ ಏನೂ ಉಳಿಯುವುದಿಲ್ಲ, ಎಂಪೆಗ್ ಮೊದಲೇ ಒತ್ತಿಟ್ಟದ್ದು, ಬಿಡಲು ಅಲ್ಲಿ ತಿದ್ದುವ ಕೋಡೂ ಇಲ್ಲ.

ನಮ್ಮ ಸ್ಟುಡಿಯೋದಲ್ಲಿ ಈಗ ಗಿರಾಕಿಗೆ ಎಂಪೆಗ್ ಮತ್ತು ಅದರಿಂದ ಮಾಡಿದ ಎಂಪಿ4 ಎರಡನ್ನೂ ಕೊಡುತ್ತೇವೆ. ಕೆಲವು ಟಿವಿಗಳು ಎಂಪೆಗ್-1 ಒಪ್ಪುವುದಿಲ್ಲ, ಮೊಬೈಲಿನವರಿಗಂತೂ ಎಂಪಿ4 ಬೇಕೇ ಬೇಕು. ಮೂಲ ಬಿನ್ ಆಗಲಿ ಎನ್‌ಆರ್‌ಜಿ ಆಗಲಿ ಅಳಿಸುವುದಿಲ್ಲ, ಗಿರಾಕಿ ಕೇಳಿದರೆ ಅದನ್ನೂ ಪೆನ್‌ಡ್ರೈವಿಗೆ ಹಾಕುತ್ತೇವೆ. ಐಎಸ್‌ಒ ಮಾಡಿ ಮೂಲ ಅಳಿಸಿದವರಿಗೆ ಆ 276 ಬೈಟು ಮತ್ತೆ ಸಿಗುವ ದಾರಿಯಿಲ್ಲ.

ಬಿಚಂಕ್‌ಗೆ ನನ್ನ ಅಂಕ ಐದಕ್ಕೆ ನಾಲ್ಕು. ವಿಸಿಡಿ ಎಂದು ಕಂಡಾಗ "ಮೈನಸ್ ಆರ್ ಬೇಕಾ?" ಎಂದು ಒಂದು ಸಾಲು ಕೇಳಿದ್ದರೆ ಐದೂ ಕೊಡುತ್ತಿದ್ದೆ. ವಿಸಿಡಿಎಕ್ಸ್‌ರಿಪ್‌ಗೂ ನಾಲ್ಕು, ಎನ್‌ಆರ್‌ಜಿ2ಐಎಸ್‌ಒಗೆ ಮೂರು. ಎಲ್ಲವೂ ಉಬುಂಟುವಿನ ಭಂಡಾರದಲ್ಲೇ ಸಿಗುತ್ತವೆ, ಎಪಿಟಿ ಎಂಬ ಆಜ್ಞೆಯಿಂದ ಒಂದೇ ಸಾಲಿನಲ್ಲಿ ಹಾಕಿಕೊಳ್ಳಬಹುದು. ಸಿಎಚ್‌ಡಿಮ್ಯಾನ್ ಬೇಕಿದ್ದರೆ ಮೇಮ್-ಟೂಲ್ಸ್ ಎಂಬ ಪ್ಯಾಕೇಜ್ ಹುಡುಕಿ. ಬಿಚಂಕ್ ಮಾತ್ರ 1.2.2 ಅಥವಾ ಅದಕ್ಕಿಂತ ಹೊಸದು ಇದೆಯಾ ನೋಡಿಕೊಳ್ಳಿ. ಬೇಕೆಂದೇ ಕೆಡಿಸಿ ಬರೆದ ಕ್ಯೂ ಫೈಲಿನಿಂದ ಹಳೆಯ ಆವೃತ್ತಿಗಳನ್ನು ಕೆಡವಬಹುದಿತ್ತು, 2017ರಲ್ಲಿ ಬಯಲಿಗೆ ಬಂದ ಆ ದೋಷವನ್ನು ಅದರಲ್ಲಿ ಮುಚ್ಚಿದ್ದಾರೆ. ನಿಮ್ಮದೇ ಫೈಲುಗಳಾದರೆ ಚಿಂತೆಯಿಲ್ಲ. ಗಿರಾಕಿಗಳು ಎಲ್ಲೆಲ್ಲಿಂದಲೋ ತರುವ ಪೆನ್‌ಡ್ರೈವುಗಳ ಮೇಲೆ ಓಡಿಸುವವರು ಹೊಸದನ್ನೇ ಇಟ್ಟುಕೊಳ್ಳಿ.